ಓಂ ಅಲ್ಲ, ಓ.ಎಂ.

ನಾಗರಪಂಚಮಿ ದಿನ ನಮ್ಮಜ್ಜಿ ನಾಗನಿಗೆ ತನು ಎರೀತಿದ್ದದ್ದು ಒಂದು ಬೆಳ್ಳಿ ಜಗ್ಗಿನಲ್ಲಿ. ಗೇಣಿಗಿಂತ ಸ್ವಲ್ಪ ಗಿಡ್ಡ. ಹೊಟ್ಟೆ ತುಂಬ ಬಳ್ಳಿ, ಬಳ್ಳಿಯ ಸಂದಿಯಲ್ಲಿ ಅಲ್ಲೊಂದು ಜಿಂಕೆ, ಇಲ್ಲೊಂದು ಹಕ್ಕಿ. ಹಿಡಿಕೆ ಮಾತ್ರ ಹೆಡೆ ಎತ್ತಿದ ನಾಗರಹಾವು. ಮಗುಚಿ ನೋಡಿದರೆ ತಳದಲ್ಲಿ ಎಳ್ಳುಕಾಳಿನಷ್ಟು ಗಾತ್ರದ ಎರಡು ಇಂಗ್ಲಿಷ್ ಅಕ್ಷರ: ಓ, ಎಂ. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಜ್ಜ ಓದಿ, "ಓಂ ಅಂತ ಬರ್ದಿದೆ" ಅಂದರಂತೆ. ಅಷ್ಟು ಸಾಕಾಯಿತು. ಹಿಡಿಕೆಯಲ್ಲಿ ನಾಗ, ತಳದಲ್ಲಿ ಓಂ. ಕುಂದಾಪುರದ ಕಡೆಯ ಹೆಂಗಸಿಗೆ ಇನ್ನೇನು ಪುರಾವೆ ಬೇಕು ಹೇಳಿ? ಜಗ್ಗು ನೇರವಾಗಿ ದೇವರ ಕೋಣೆ ಸೇರಿತು. ಪ್ರತಿ ಪಂಚಮಿಗೂ ತೊಳೆದು, ಮಗುಚಿಟ್ಟು, ಆ ಎರಡು ಅಕ್ಷರಕ್ಕೆ ಅರಸಿನ ಹಚ್ಚಿ, ಆಮೇಲೆಯೇ ಹಾಲು ತುಂಬುವುದು. ಐವತ್ತು ವರ್ಷಕ್ಕೂ ಮೇಲೆ ಹೀಗೇ ನಡೆಯಿತು.

ಜಗ್ಗು ಬಂದದ್ದು ಮುಂಬೈಯಿಂದ. ಅಜ್ಜ ಅಲ್ಲಿ ಊರಿನವರದ್ದೇ ಒಂದು ಹೋಟೆಲ್ಲಿನಲ್ಲಿ ಗಲ್ಲದ ಮೇಲೆ ಕೂರುತ್ತಿದ್ದರು. ಯಾರೋ ಮನೆ ಖಾಲಿ ಮಾಡುವಾಗ ಸಾಮಾನು ಮಾರಿದರಂತೆ, ಇವರು ತೂಕದ ಲೆಕ್ಕದಲ್ಲಿ ಕೊಂಡರಂತೆ. 1962ರಲ್ಲಿ ಊರಿಗೆ ವಾಪಸ್ ಬರುವಾಗ ಟ್ರಂಕಿನಲ್ಲಿ ಪಂಚೆ ಸುತ್ತಿ ತಂದದ್ದು. ಇದಿಷ್ಟೇ ನಮಗೆ ಗೊತ್ತಿರುವ ಚರಿತ್ರೆ.

ಅಜ್ಜಿ ತೀರಿಕೊಂಡ ಮೇಲೆ ಊರಿನ ಮನೆ ಮಾರುವ ಮಾತು ಬಂತು. ಪಾತ್ರೆ ಪಡಗವೆಲ್ಲ ಮೂರು ಪಾಲು: ದೊಡ್ಡಮಾವ, ಅಮ್ಮ, ಸಣ್ಣಮಾವ. ಜಗ್ಗಿನ ಸರದಿ ಬಂದಾಗ ದೊಡ್ಡಮಾವ ಅದನ್ನು ಮಗುಚಿ ನೋಡಿ, "ಇದು ಫಾರಿನ್ ಮಾಲು ಕಾಣತ್ತೆ ಮಾರಾಯ್ತಿ. ನೀನು ಬೆಂಗಳೂರಲ್ಲಿರೋಳು, ಸ್ವಲ್ಪ ಏನು ಅಂತ ನೋಡು" ಅಂದರು. ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕೋದು ನನ್ನ ಹೊಟ್ಟೆಪಾಡು. ಬೆಳ್ಳಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅದು ಕಪ್ಪಾಗುತ್ತೆ ಅನ್ನೋದೊಂದೇ. ಆದರೂ "ನೋಡ್ತೀನಿ ಮಾವ" ಅಂದು, ಕಿಟಕಿಯ ಬೆಳಕಲ್ಲಿ ತಳದ ಒಂದು ಫೋಟೋ ತೆಗೆದುಕೊಂಡೆ. ಆ ಫೋಟೋದಲ್ಲಿ ಅಕ್ಷರಗಳ ಗುಳಿಯಲ್ಲಿ ಗಟ್ಟಿಯಾಗಿ ಕೂತ ಹಳದಿ ಕಾಣುತ್ತೆ. ಆಗ ನಾನು ಅದನ್ನು ಕೊಳೆ ಅಂದುಕೊಂಡಿದ್ದೆ.

ಮೊದಲು ಫೋನಿನ ಒಂದು ಆ್ಯಪ್‌ಗೆ ಫೋಟೋ ತೋರಿಸಿದೆ. ಒಂದು ಸಲ ಲಂಡನ್ ಅಂತು, ಇನ್ನೊಂದು ಸಲ ಅಮೆರಿಕ ಅಂತು, ಮೂರನೇ ಸಲ ಇದು ಕೋಟಿನ ಗುಂಡಿ ಅಂತು. ಇದು ಬೇಡ ಅಂತ ಪುಸ್ತಕಕ್ಕೆ ಹೋದೆ. ಹಳೇ ಬೆಳ್ಳಿಯ ವಿಷಯಕ್ಕೆ ಕೈ ಹಾಕುವವರು ಬಹುಪಾಲು ಮೊದಲು ಹೋಗಿ ತಟ್ಟುವ ಬಾಗಿಲು ಬ್ರಾಡ್ಬರಿ. ಫ್ರೆಡರಿಕ್ ಬ್ರಾಡ್ಬರಿ ಷೆಫೀಲ್ಡಿನ ಬೆಳ್ಳಿ ಮನೆತನದವನು. 1927ರಲ್ಲಿ ಅವನು ಮಾಡಿದ ಹಾಲ್‌ಮಾರ್ಕ್ ಕೈಪಿಡಿ ಇವತ್ತಿಗೂ ಅಚ್ಚಾಗುತ್ತಿದೆ. ಜೇಬಿಗೆ ಹಿಡಿಸುವ ಪುಸ್ತಕ, ಪುಟ ತುಂಬ ಕೋಷ್ಟಕ.

ಆ ಕೋಷ್ಟಕಗಳ ರುಚಿ ಒಮ್ಮೆ ಹತ್ತಿದರೆ ಬಿಡೋದು ಕಷ್ಟ. ನಡೆಯುತ್ತಿರುವ ಸಿಂಹ ಇದ್ದರೆ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಇದು 1544ರಿಂದ ಬಂದದ್ದು. ಚಿರತೆಯ ಮುಖ ಲಂಡನ್ನಿನದು. ಅದರ ಮೂಲ 1300ನೇ ಇಸವಿಯ ಕಾನೂನು. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಕೋಟೆ ಇದ್ದರೆ ಎಡಿನ್‌ಬರೊ. ರಾಜನದೋ ರಾಣಿಯದೋ ತಲೆ ಇದ್ದರೆ 1784ರಿಂದ 1890ರೊಳಗೆ ಸುಂಕ ಕಟ್ಟಿದ ಮಾಲು. ಇನ್ನೊಂದು ಅಕ್ಷರ ಇರುತ್ತೆ, ಅದು ವರ್ಷದ್ದು. ಲಂಡನ್ನಿನವರು ವರ್ಷಕ್ಕೊಂದರಂತೆ 20 ಅಕ್ಷರ ಬಳಸಿ, ಸುತ್ತು ಮುಗಿದ ಮೇಲೆ ಅಕ್ಷರದ ಶೈಲಿಯನ್ನೋ ಸುತ್ತಲಿನ ಚೌಕಟ್ಟನ್ನೋ ಬದಲಿಸಿ ಮತ್ತೆ ಶುರು ಮಾಡುತ್ತಿದ್ದರು. ನಾಲ್ಕೈದು ಚಿತ್ರ ಓದಿದರೆ ಊರು, ವರ್ಷ, ಶುದ್ಧತೆ, ಮಾಡಿಸಿದವರು, ಎಲ್ಲ ಸಿಕ್ಕಿಬಿಡುತ್ತೆ. ಇಷ್ಟು ಚೆನ್ನಾಗಿ ಡಾಕ್ಯುಮೆಂಟೇಶನ್ ಮಾಡಿದವರನ್ನು ನಾನು ನನ್ನ ಆಫೀಸಿನಲ್ಲಿ ಕಂಡಿಲ್ಲ. ಒಂದು ವಾರ ರಾತ್ರಿ ಊಟ ಆದಮೇಲೆ ಇದೇ ಕೆಲಸ.

ನಮ್ಮ ಜಗ್ಗಿನಲ್ಲಿ ಸಿಂಹ ಇಲ್ಲ, ಲಂಗರು ಇಲ್ಲ, ರಾಣಿ ಇಲ್ಲ. ಹಾಗಾಗಿ ಫ್ಯಾಮಿಲಿ ಗ್ರೂಪಿಗೆ ಗಂಭೀರವಾಗಿ ಬರೆದೆ: "ಹಾಲ್‌ಮಾರ್ಕ್ ಇಲ್ಲ. ಬಹುಶಃ ಬೆಳ್ಳಿ ಗಿಲೀಟು." ದೊಡ್ಡಮಾವ ಒಂದು ಅಳುಮುಖ ಹಾಕಿದರು. ಅಮ್ಮ ಏನೂ ಹಾಕಲಿಲ್ಲ.

ನಾಲ್ಕು ದಿನ ಆದಮೇಲೆ ಅನುಮಾನ ಬಂದು ನಗರ್ತಪೇಟೆಗೆ ಒಯ್ದೆ. ಅಂಗಡಿಯವರು ಜಗ್ಗನ್ನು ಎಕ್ಸ್‌ಆರ್‌ಎಫ್ ಯಂತ್ರದೊಳಗೆ ಇಟ್ಟು ಮುಚ್ಚಳ ಹಾಕಿದರು. ಒಂದು ನಿಮಿಷದೊಳಗೆ ಪರದೆಯ ಮೇಲೆ ನೂರಕ್ಕೆ 95 ಅಂತ ಬಂತು. ಸ್ಟರ್ಲಿಂಗ್‌ಗಿಂತ ಮೇಲೆ. ತೂಕ 412 ಗ್ರಾಂ. "ಗಿಲೀಟು ಅಂತ ಯಾರಮ್ಮ ಹೇಳಿದ್ದು ನಿಮಗೆ?" ಅಂತ ಕೇಳಿದರು. ಪುಸ್ತಕ ಅಂತ ಹೇಳೋಕೆ ನಾಚಿಕೆ ಆಯಿತು.

ತಪ್ಪು ಬ್ರಾಡ್ಬರಿಯದಲ್ಲ. ಅವನು ಬ್ರಿಟನ್ ಮತ್ತು ಐರ್ಲೆಂಡಿನ ಬೆಳ್ಳಿಗೆ ಕೋಶ ಮಾಡಿದ. ನಾನು ಕಿಟೆಲ್ ಕೋಶದಲ್ಲಿ ಫ್ರೆಂಚ್ ಪದ ಹುಡುಕಿ, ಇಲ್ಲ ಅಂದಮೇಲೆ ಇದು ಭಾಷೆಯೇ ಅಲ್ಲ ಅಂತ ಘೋಷಿಸಿದ್ದೆ. ಆದರೆ ಈ ತಪ್ಪನ್ನು ನಾನೊಬ್ಬಳೇ ಮಾಡುತ್ತಿಲ್ಲ, ಅದಕ್ಕೇ ಇದನ್ನು ಬರೆಯುತ್ತಿರುವುದು. ಹಳೇ ಬೆಳ್ಳಿಯ ಬಗ್ಗೆ ನಾವು ಕೇಳುವ ಪ್ರಶ್ನೆಗಳೇ ಆ ಒಂದು ದೇಶದ ಕೋಷ್ಟಕದಿಂದ ಬಂದವು. ಮುದ್ರೆ ಯಾವುದು? ಯಾವ ಊರು? ಯಾವ ವರ್ಷ? ಇವಕ್ಕೆ ಉತ್ತರ ಇಲ್ಲದ ವಸ್ತು ನಮ್ಮ ಕಣ್ಣಿಗೆ ಅನಾಥವಾಗಿ ಕಾಣುತ್ತೆ.

ಹಾಲ್‌ಮಾರ್ಕ್‌ನ 'ಹಾಲ್' ಯಾವುದು ಅಂತ ನೋಡಿ. ಅದು ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನ, ಗೋಲ್ಡ್‌ಸ್ಮಿತ್ಸ್ ಹಾಲ್. ಮಾಡಿದವನು ತನ್ನ ಮಾಲನ್ನು ಅಲ್ಲಿಗೆ ಒಯ್ಯಬೇಕು, ಅವರು ಒಂದು ಚೂರು ಕೆರೆದು ಪರೀಕ್ಷೆ ಮಾಡಬೇಕು, ಪಾಸಾದರೆ ಠಸ್ಸೆ. ಅಂದರೆ ಅದು ಮೂರನೆಯವರ ಸಾಕ್ಷಿ. ಸುಳ್ಳು ಠಸ್ಸೆ ಒತ್ತಿದವನಿಗೆ 18ನೇ ಶತಮಾನದಲ್ಲಿ ಮರಣದಂಡನೆ ಕೂಡ ಇತ್ತು. ಬ್ರಿಟಿಷರು ಈ ದೇಶಕ್ಕೆ ಕೋರ್ಟು ತಂದರು, ಅಂಚೆ ತಂದರು, ಈ ವ್ಯವಸ್ಥೆಯನ್ನು ಮಾತ್ರ ತರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಬೆಳ್ಳಿಗೆ ಅಂಥ ಕಡ್ಡಾಯ ಪರೀಕ್ಷೆಯ ಕಚೇರಿ ಇರಲಿಲ್ಲ. ನಮ್ಮ ಬಿಐಎಸ್ ಬೆಳ್ಳಿಗೆ ಹಾಲ್‌ಮಾರ್ಕ್ ಶುರು ಮಾಡಿದ್ದು 2005ರಲ್ಲಿ. ಅಲ್ಲಿಯ ತನಕ ಇಲ್ಲಿನ ಬೆಳ್ಳಿಯ ಮೇಲೆ ಏನಾದರೂ ಒತ್ತಿದ್ದರೆ ಅದು ಅಂಗಡಿಯವನದೋ ಕಾರ್ಖಾನೆಯವನದೋ ಸ್ವಂತ ಗುರುತು. ಗಿರಾಕಿ ಇಂಗ್ಲಿಷ್ ಸಿಂಹವನ್ನೇ ನಂಬುತ್ತಾನೆ ಅಂತ ಸಿಂಹದ ಥರದ್ದೇ ಏನನ್ನೋ ಒತ್ತಿ ಕೊಟ್ಟವರೂ ಇದ್ದರು. ಚೀನಾದ ಕ್ಯಾಂಟನ್‌ನಲ್ಲಿ ಇದು ದೊಡ್ಡ ಮಟ್ಟದಲ್ಲಿ ನಡೆಯಿತು, ಜರ್ಮನಿಯ ಹನಾವು ಊರಿನವರೂ ಹಳೇ ಮುದ್ರೆಗಳನ್ನು ಹೋಲುವ ಮುದ್ರೆ ಮಾಡಿಕೊಂಡಿದ್ದರು. ಅವನ್ನೆಲ್ಲ 'ನಕಲಿ' ಅಂತ ಒಂದೇ ಬುಟ್ಟಿಗೆ ಹಾಕೋದು ನನಗೆ ಸರಿ ಕಾಣೋದಿಲ್ಲ. ಬೆಳ್ಳಿ ಅಸಲಿಯೇ ಇರುತ್ತಿತ್ತು ಎಷ್ಟೋ ಸಲ.

ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಹೆಸರು ನೀವು ಕೇಳಿರಬಹುದು, ಮೌಂಟ್ ರೋಡಿನ ಗಡಿಯಾರದ ಅಂಗಡಿ. ದೇವರುಗಳ ಉಬ್ಬುಚಿತ್ರ ಇರುವ 'ಸ್ವಾಮಿ ಸಿಲ್ವರ್'ಗೆ ಅವರು ಪ್ರಸಿದ್ಧರು. ಆ ಬೆಳ್ಳಿಯ ತಳದಲ್ಲಿರುವ ಹೆಸರು ಅಂಗಡಿಯದು. ಒಂದೊಂದು ದೇವರ ಕಿರೀಟವನ್ನೂ ಚಾಣ ಹಿಡಿದು ಎಬ್ಬಿಸಿದವನ ಹೆಸರು ಅಲ್ಲಿಲ್ಲ. ಮುದ್ರೆ ಓದಿದೆ, ಮಾಡಿದವರು ಯಾರು ಅಂತ ಗೊತ್ತಾಯಿತು ಅಂತ ನಾವು ಹೇಳುವಾಗ ನಿಜಕ್ಕೂ ಗೊತ್ತಾಗಿರುವುದು ಬಿಲ್ಲು ಬರೆದವರು ಯಾರು ಅಂತ.

ನಮ್ಮ ಓ.ಎಂ. ಸಿಕ್ಕಿದ್ದು ಭಾರತದ ಬೆಳ್ಳಿಯ ಮೇಲಿನ ಪುಸ್ತಕಗಳಲ್ಲಿ. ವಿನ್ಯಾರ್ಡ್ ವಿಲ್ಕಿನ್ಸನ್ 1999ರಲ್ಲಿ ತಂದ 'ಇಂಡಿಯನ್ ಸಿಲ್ವರ್ 1858–1947', ವಿದ್ಯಾ ದೆಹೇಜಿಯಾ 2008ರಲ್ಲಿ ತಂದ 'ಡಿಲೈಟ್ ಇನ್ ಡಿಸೈನ್'. ಎರಡೂ ದುಬಾರಿ ಪುಸ್ತಕ, ಲೈಬ್ರರಿಯಲ್ಲಿ ಕೂತು ನೋಡಿದರೆ ಸಾಕು. ಓ.ಎಂ. ಅಂದರೆ ಕಚ್ಛ್‌ನ ಭುಜ್ ಊರಿನ ಉಮರ್ಸಿ ಮಾವಜಿ. 19ನೇ ಶತಮಾನದ ದ್ವಿತೀಯಾರ್ಧದವನು, ಕಚ್ಛ್‌ನ ಮಹಾರಾವ್ ಆಸ್ಥಾನದ ಬೆಳ್ಳಿ ಕೆಲಸಗಾರ. ಅವನ ನಂತರ ಮಕ್ಕಳು ಮುಂದುವರಿಸಿದರು. ಬ್ರಿಟಿಷ್ ಗಿರಾಕಿಗಳಿಗೆ ಟೀ ಸೆಟ್ಟು, ಟ್ರೇ, ಮಗ್ಗು. ಸುತ್ತಿ ಸುತ್ತಿ ಹೋಗುವ ಎಲೆಬಳ್ಳಿ, ಅದರೊಳಗೆ ಪ್ರಾಣಿಗಳು, ಹಿಡಿಕೆಗೆ ನಾಗರಹಾವು. ಓದುತ್ತಾ ಓದುತ್ತಾ ನನಗೆ ಅಜ್ಜಿಯ ದೇವರ ಕೋಣೆಯ ವಾಸನೆ ಬಂತು.

ಉಮರ್ಸಿಗೆ ಓ ಎಲ್ಲಿಂದ ಬಂತು? ಇದು ಕನ್ನಡದವರಿಗೆ ಹೊಸದಲ್ಲ. ಆ ಕಾಲದ ಇಂಗ್ಲಿಷಿನಲ್ಲಿ ನಮ್ಮ ಉಕಾರಕ್ಕೆ ಎರಡು ಓ ಹಾಕುತ್ತಿದ್ದರು. ಕುಂದಾಪುರ ಅವರ ಕಾಗದಪತ್ರದಲ್ಲಿ ಕೂಂಡಾಪೂರ್ ಆಗಿತ್ತು, ಸಾಲಾಗಿ ನಾಲ್ಕು ಓ. ಅದೇ ಲೆಕ್ಕದಲ್ಲಿ ಉಮರ್ಸಿಯ ಹೆಸರು ಎರಡು ಓಗಳಿಂದ ಶುರುವಾಯಿತು, ಮುದ್ರೆಗೆ ಮೊದಲಕ್ಷರ ಓ ಬಂತು. ಯಾರಾದರೂ ಈಗಿನವರ ಹಾಗೆ 'ಯು' ಹಾಕಿ ಬರೆದಿದ್ದರೆ ತಳದಲ್ಲಿ ಯು.ಎಂ. ಇರುತ್ತಿತ್ತು, ಅಜ್ಜ ಅದನ್ನು ಓಂ ಅಂತ ಓದುತ್ತಿರಲಿಲ್ಲ, ಜಗ್ಗು ಎಂದೋ ಯಾರದೋ ಮದುವೆಗೆ ಕರಗಿ ಕಾಲ್ಗೆಜ್ಜೆ ಆಗಿರುತ್ತಿತ್ತು. ಅಜ್ಜಿಯ ಬೇರೆ ಬೆಳ್ಳಿಯೆಲ್ಲ ಆದದ್ದು ಹಾಗೇ.

ಇದನ್ನು ನಾನು ಗ್ರೂಪಿಗೆ ಬರೆದೆ. ಬರೀಬಾರದಿತ್ತು. ಓ.ಎಂ. ಮುದ್ರೆಯ ಬೆಳ್ಳಿ ಹರಾಜಿನಲ್ಲಿ ತೂಕದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಹೋಗುತ್ತೆ ಅನ್ನೋದನ್ನೂ ಸೇರಿಸಿದ್ದೆ. ಸಣ್ಣಮಾವನಿಂದ ಐದು ವರ್ಷದಲ್ಲಿ ಮೊದಲ ಸಲ ಫೋನ್ ಬಂತು. ದೊಡ್ಡಮಾವ ಜಗ್ಗನ್ನು ವ್ಯಾಪಾರಿಗಳಿಗೆ ತೋರಿಸುತ್ತೇನೆ ಅಂತ ಒಯ್ದರು. ಮುದ್ರೆ ಫೋಟೋದಲ್ಲಿ ಸ್ಪಷ್ಟವಾಗಿ ಕಾಣಲಿ ಅಂತ ಮೊದಲು ಒಂದು ಅಂಗಡಿಯಲ್ಲಿ ಮೆಷಿನ್ ಪಾಲಿಶ್ ಮಾಡಿಸಿದರು.

ವಾಪಸ್ ತಂದಾಗ ನಾನೂ ಇದ್ದೆ. ಜಗ್ಗು ಸ್ಟೀಲಿನ ಹಾಗೆ ಹೊಳೀತಿತ್ತು. ಉಬ್ಬು ಕೆಲಸದ ಬೆಳ್ಳಿಯಲ್ಲಿ ಎಲೆಗಳ ಹಿಂದಿನ ತಗ್ಗಿನಲ್ಲಿ ಕಪ್ಪು ಕೂತಿರುತ್ತೆ. ಆ ಕಪ್ಪು ಇರೋದರಿಂದಲೇ ಎಲೆ ಮುಂದೆ ಬಂದ ಹಾಗೆ ಕಾಣೋದು. ಅದೆಲ್ಲ ಹೋಗಿತ್ತು. ಜಿಂಕೆಯ ಕಿವಿ ಚಪ್ಪಟೆ. ಹಾವಿನ ಹೆಡೆಯ ಮೇಲೆ ಒಂದೊಂದೇ ಚುಚ್ಚಿ ಮಾಡಿದ್ದ ಪೊರೆಯ ಗೀರು ಸವೆದು ನಯ. ತಳ ಮಾತ್ರ ಲಕಲಕ, ಓ.ಎಂ. ಕನ್ನಡಕ ಇಲ್ಲದೆ ಓದಬಹುದು. ಅಮ್ಮ ಎರಡೂ ಕೈಯಲ್ಲಿ ಹಿಡಿದು, ಮಗುಚಿ, ಹೆಬ್ಬೆರಳಿನಿಂದ ತಳ ಸವರಿದಳು. "ಅರಸಿನ ಎಲ್ಲಿ ಅಣ್ಣ?" ಅಂದಳು. "ಕೊಳೆ ತೆಗೆಸಿದ್ದು ಮಾರಾಯ್ತಿ" ಅಂದರು ಮಾವ.

ವ್ಯಾಪಾರಿಯ ಹತ್ತಿರ ನಾನೇ ಹೋದೆ. ಮಾತು ಬಲ್ಲ ಮನುಷ್ಯ, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನೇರವಾಗಿ ತಳಕ್ಕೆ ಹೋದರು. ಹತ್ತು ಸೆಕೆಂಡು. "ಮೈ ಸವೆದಿದೆ, ಮುದ್ರೆ ಸವೆದಿಲ್ಲ. ಆಮೇಲೆ ಒತ್ತಿದ್ದು. ಓ.ಎಂ. ಠಸ್ಸೆ ಯಾರು ಬೇಕಾದರೂ ಮಾಡಿಸಬಹುದು. ತೂಕದ ಬೆಲೆ ಕೊಡ್ತೀನಿ." ಜಗ್ಗನ್ನು ತಿರುಗಿಸಿ ನೋಡಲೇ ಇಲ್ಲ.

ಅವರು ಹೇಳಿದ ಸೂತ್ರ ಸುಳ್ಳಲ್ಲ. ಅಪರಿಚಿತ ಮುದ್ರೆ ಕಂಡಾಗ ಅದು ಉಳಿದ ಮೈಯಷ್ಟೇ ಸವೆದಿದೆಯಾ ಅಂತ ನೋಡಬೇಕು. ಅಂಚು ಚೂಪಾಗಿ ಒತ್ತಿದ ಹಾಗಿದೆಯಾ, ಅಥವಾ ಎರಕದಲ್ಲಿ ಬಂದ ಹಾಗೆ ಮೆತ್ತಗಿದೆಯಾ ನೋಡಬೇಕು. ಬಾಯಿಂದ ಉಸಿರು ಬಿಟ್ಟು ಮಂಜು ಮಾಡಿದರೆ ಬೇರೆ ಪಾತ್ರೆಯ ಮುದ್ರೆಯನ್ನು ಕತ್ತರಿಸಿ ಇಲ್ಲಿ ಬೆಸೆದಿದ್ದರೆ ಬೆಸುಗೆಯ ಗೆರೆ ಒಂದು ಕ್ಷಣ ಕಾಣುತ್ತೆ. ಇದನ್ನೆಲ್ಲ ನಾನೂ ಮಾಡಿದ್ದೆ, ಬೆಸುಗೆ ಕಾಣಲಿಲ್ಲ. ಆದರೆ ನಮ್ಮ ಜಗ್ಗಿನ ಮುದ್ರೆ ಇರೋದು ಪಾದದ ಬಳೆಯ ಒಳಗಿನ ತಗ್ಗಿನಲ್ಲಿ. ಅದು ನೆಲಕ್ಕೆ ತಾಗೋದಿಲ್ಲ, ಅಜ್ಜಿ ವಿಭೂತಿ ಹಾಕಿ ಮೈ ತಿಕ್ಕುವಾಗ ಕೈ ಅಲ್ಲಿಗೆ ಹೋಗೋದಿಲ್ಲ. ಮೈಯ ಸವೆತದಲ್ಲಿ ಅರ್ಧ ಐವತ್ತು ವರ್ಷದ್ದು, ಇನ್ನರ್ಧ ಹೋದ ತಿಂಗಳಿನದು. ಮುದ್ರೆ ತೋರಿಸೋದಕ್ಕೇ ಮಾಡಿಸಿದ ಪಾಲಿಶ್ ಈಗ ಮುದ್ರೆಯ ವಿರುದ್ಧವೇ ಸಾಕ್ಷಿ ಹೇಳುತ್ತಿದೆ.

ಅಕ್ಷರದೊಳಗಿನ ಅರಸಿನ ಎಷ್ಟು ಬೆಲೆಯದ್ದು ಅಂತ ನನಗೆ ಹೊಳೆದದ್ದು ಅಲ್ಲಿ, ಆ ಅಂಗಡಿಯ ಸ್ಟೂಲಿನ ಮೇಲೆ. ಯೋಚನೆ ಮಾಡಿ. ಓ.ಎಂ. ಅಂತ ಸುಳ್ಳು ಠಸ್ಸೆ ಒತ್ತಿ ಲಾಭ ಮಾಡಿಕೊಳ್ಳಬೇಕಾದರೆ ಆ ಎರಡು ಅಕ್ಷರಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬಂದಿರಬೇಕು. 1962ಕ್ಕೆ ಮೊದಲು ಮುಂಬೈಯಲ್ಲಿ ಹೋಟೆಲ್ ಗುಮಾಸ್ತನೊಬ್ಬನಿಗೆ ಈ ಜಗ್ಗು ತೂಕಕ್ಕೆ ಸಿಕ್ಕಿತ್ತು. ಸುಳ್ಳು ಹೆಸರು ಒತ್ತಿದವನು ಆ ಹೆಸರಿಗೆ ಒಂದು ಪೈಸೆಯನ್ನೂ ಜಾಸ್ತಿ ಕೇಳದೆ ಮಾರಿದ ಅನ್ನೋದು ನಂಬೋ ಮಾತಾ? ಅಲ್ಲಿಂದ ಮುಂದೆ ಅದು ದೇವರ ಕೋಣೆ ಬಿಟ್ಟು ಹೋಗಿಲ್ಲ. ಇದು ಮನೆಯವರ ಮಾತು, ಹೊರಗಿನವರು ಯಾಕೆ ಒಪ್ಪಬೇಕು? ಒಪ್ಪಿಸೋದಕ್ಕೆ ಇದ್ದ ವಸ್ತು ಅಂದರೆ ಅಕ್ಷರದ ಗುಳಿಯಲ್ಲಿ ಪದರ ಪದರವಾಗಿ ಕಲ್ಲಿನ ಹಾಗೆ ಕೂತಿದ್ದ ಅರಸಿನ. ಈಚೆಗೆ ಒತ್ತಿದ ಮುದ್ರೆಯಲ್ಲಿ ಅದು ಹಾಗೆ ಕೂರೋದಿಲ್ಲ. ಅಜ್ಜಿ ತಪ್ಪು ಓದಿದ್ದರಿಂದ ಹುಟ್ಟಿದ ಸಾಕ್ಷಿ ಅದು.

ಫೋನು ತೆಗೆದು ಹಳೇ ಫೋಟೋ ತೋರಿಸಿದೆ. ಅವರು ದೊಡ್ಡದು ಮಾಡಿ ನೋಡಿದರು. "ಹಳದಿ ಕಂಡರೆ ಏನಾಯ್ತಮ್ಮ? ನಿನ್ನೆ ಹಚ್ಚಿ ಫೋಟೋ ತೆಗೀಬಹುದಲ್ಲ" ಅಂದರು. ಅದೂ ನಿಜವೇ.

ಹರಾಜಿನ ಕ್ಯಾಟಲಾಗುಗಳನ್ನು ಈಗ ಓದುವಾಗ ನನಗೆ ಕಣ್ಣಿಗೆ ಹೊಡೆಯುವ ಪದ 'ಅನ್‌ಮಾರ್ಕ್ಡ್'. ಮುದ್ರೆ ಇಲ್ಲದ್ದು. ಕಚ್ಛ್‌ನ ಹಳೇ ಬೆಳ್ಳಿಯಲ್ಲಿ ಮುದ್ರೆ ಇಲ್ಲದ್ದು ಬೇಕಾದಷ್ಟಿದೆ. ಅಲ್ಲಿ ಮುದ್ರೆ ಒತ್ತು ಅಂತ ಹೇಳುವವರೇ ಇರಲಿಲ್ಲವಲ್ಲ. ಆದರೂ ಕ್ಯಾಟಲಾಗು ಅದನ್ನು ಒಂದು ಕೊರತೆಯ ಹಾಗೆ ಬರೆಯುತ್ತೆ, ಬೆಲೆಯೂ ಹಾಗೇ ಇಳಿಯುತ್ತೆ. ಓ.ಎಂ. ಇದ್ದರೆ ವಿವರಣೆಯ ಮೊದಲ ಸಾಲಲ್ಲೇ ಉಮರ್ಸಿ ಬರುತ್ತಾನೆ, ಬಳ್ಳಿ ಜಿಂಕೆ ಎಲ್ಲ ಆಮೇಲೆ. ಉಮರ್ಸಿಯ ಕಾರ್ಖಾನೆಯಲ್ಲಿ ಹಲವು ಕೈಗಳಿದ್ದವು, ಓ.ಎಂ. ಅನ್ನೋದು ಆ ಮನೆಯ ಗುರುತು. ಹೀಗಿರುವಾಗ ನೋಡಬೇಕಾದ್ದು ಕೈಯನ್ನು.

ನಮ್ಮ ಜಗ್ಗಿನಲ್ಲಿ ನೋಡಿದರೆ ಎರಡು ಕೈ ಕಾಣುತ್ತೆ ಅಂತ ನನ್ನ ವಾದ. ಹಾವನ್ನು ಮಾಡಿದವನಿಗೆ ಹಾವು ಗೊತ್ತು. ಬಾಲ ಜಗ್ಗಿನ ಹೊಟ್ಟೆಗೆ ಅಂಟುವಲ್ಲಿ ಅದು ಅಂಟಿದ ಹಾಗಿಲ್ಲ, ಬಳ್ಳಿಯ ನಡುವೆ ನುಸುಳಿ ಹೋದ ಹಾಗಿದೆ. ಬಳ್ಳಿ ಮಾತ್ರ ಬಲಗಡೆ ಬಿಗಿ, ಎಡಗಡೆ ಸಡಿಲ. ಎಡಗಡೆಯ ಹಕ್ಕಿಗೆ ಕಾಲಿಲ್ಲ, ಎಲೆಯಲ್ಲಿ ಮುಚ್ಚಿಬಿಟ್ಟಿದ್ದಾನೆ. ಸಂಜೆ ಆಗಿತ್ತೋ, ಕಲಿಯುವ ಹುಡುಗನೋ. ಪುಸ್ತಕಗಳಲ್ಲಿ ಓ.ಎಂ. ಅಂತ ಅಚ್ಚಾದ ಅತ್ಯುತ್ತಮ ಕೆಲಸಗಳ ಪಕ್ಕ ಇಟ್ಟರೆ ಇದು ಮೇಲ್ದರ್ಜೆಯದ್ದಲ್ಲ. ಹಾಗಂತ ಸುಳ್ಳು ಅಂತಲೂ ನನಗೆ ಅನ್ನಿಸೋದಿಲ್ಲ. ಒಳ್ಳೇ ಕಾರ್ಖಾನೆಯ ಸಾಧಾರಣ ದಿನವೊಂದರ ಜಗ್ಗು ಅಂತ ಅನ್ನಿಸುತ್ತೆ. ಇಷ್ಟು ಹೇಳೋದಕ್ಕೆ ನಾನು ತಳ ನೋಡಬೇಕಾಗಿ ಬರಲಿಲ್ಲ. ಆದರೆ ಇದನ್ನೂ ಪಾಲಿಶ್‌ಗೆ ಮೊದಲು ನೋಡಿ ಹೇಳಿದ್ದರೆ ನನ್ನ ಮಾತಿಗೆ ತೂಕ ಇರುತ್ತಿತ್ತು. ಒಂದು ವಾರ ಪೂರ್ತಿ ಜಗ್ಗು ನನ್ನ ಮೇಜಿನ ಮೇಲೆ ಇತ್ತು, ನಾನು ನೋಡಿದ್ದು ತಳ ಮತ್ತು ಬ್ರಾಡ್ಬರಿ. ಫೋಟೋ ತೆಗೆದದ್ದೂ ತಳದ್ದೇ. ಮೈಯ ಹಳೇ ಫೋಟೋ ಒಂದೂ ಇಲ್ಲ ನನ್ನ ಹತ್ತಿರ.

ಜಗ್ಗು ಸದ್ಯ ದೊಡ್ಡಮಾವನ ಬೀರುವಿನಲ್ಲಿದೆ. ಸಣ್ಣಮಾವ ಇನ್ನೊಬ್ಬ ವ್ಯಾಪಾರಿಗೆ ತೋರಿಸೋಣ ಅಂತಿದ್ದಾರೆ. ಅಮ್ಮ ತನ್ನ ಪಾಲಿನ ಬೆಳ್ಳಿ ಬಿಟ್ಟುಕೊಟ್ಟು ಜಗ್ಗು ತಗೊಳ್ತೀನಿ ಅಂದಳು. ಹಾಗಾದರೆ ಯಾವ ಬೆಲೆಗೆ, ತೂಕದ್ದಾ, ಓ.ಎಂ. ಬೆಲೆಯಾ ಅಂತ ಕೇಳಿದರು. ಮಾತು ಅಲ್ಲಿಗೇ ನಿಂತಿದೆ. ಈ ಸಲದ ಪಂಚಮಿಗೆ ಅಮ್ಮ ಊರಿಗೆ ಹೋಗಿ ನಾಗಬನದಲ್ಲಿ ಸ್ಟೀಲಿನ ಚೆಂಬಿನಲ್ಲಿ ಹಾಲು ಎರೆದು ಬಂದಳು. ತಳಕ್ಕೆ ಅರಸಿನ ಹಚ್ಚಿದ್ದಳಂತೆ.